ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ

ಗೇಮಿಂಗ್ ಕಂಪ್ಯೂಟರ್ ಬೇಕೆಂದು ಹಟ ಹಿಡಿದಿರುವ ಮಕ್ಕಳ ಅಪ್ಪ ಅಮ್ಮಂದಿರಿಗೆ,



ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ಮೇಲೆ ನೀವು ಕಂಪ್ಯೂಟರ್ ಅಂಗಡಿಗಳಿಗೆ ಬರುತ್ತೀರಿ. ಪಾಸಾದರೆ ಕೊಡಿಸುತ್ತೇನೆ ಎಂದು ಮಾತು ಕೊಟ್ಟಿರುತ್ತೀರಿ, ಆ ಮಾತು ಉಳಿಸಿಕೊಳ್ಳಬೇಕು. ಮಗ ಮೊಬೈಲಿನಲ್ಲಿ ಒಂದು ಗಾಜಿನ ಕ್ಯಾಬಿನೆಟ್ಟಿನ ಚಿತ್ರ ತೋರಿಸುತ್ತಾನೆ, ಒಳಗೆ ಬಣ್ಣಬಣ್ಣದ ಫ್ಯಾನುಗಳು ಹೊಳೆಯುತ್ತಿರುತ್ತವೆ. ಅರವತ್ತು ಎಪ್ಪತ್ತು ಸಾವಿರದ ಬೆಲೆ ಕೇಳಿ ನೀವು ಸ್ವಲ್ಪ ಹೊತ್ತು ಸುಮ್ಮನಾಗುತ್ತೀರಿ. ಆಮೇಲೆ ಕಂತು ಎಷ್ಟು ಬೀಳುತ್ತದೆ ಎಂದು ಕೇಳುತ್ತೀರಿ. ತಿಪಟೂರಿನಲ್ಲಿ ಕಂಪ್ಯೂಟರ್ ರಿಪೇರಿಯನ್ನೇ ಕಸುಬು ಮಾಡಿಕೊಂಡಿರುವ ನಾನು ಇದನ್ನು ಪ್ರತಿ ವರ್ಷ ನೋಡುತ್ತೇನೆ. ಕಂತಿನ ಕಾಗದಕ್ಕೆ ಸಹಿ ಹಾಕುವ ಮೊದಲು ನನ್ನ ನಾಲ್ಕು ಮಾತು ಕೇಳಿಸಿಕೊಳ್ಳಿ ಎಂದು ಬೇಡಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಈಗಾಗಲೇ ಒಂದು ಡೆಸ್ಕ್‌ಟಾಪ್ ಇದೆ. ಅಂಗಡಿಯ ಲೆಕ್ಕಕ್ಕೋ, ದೊಡ್ಡ ಮಗಳ ಪ್ರಾಜೆಕ್ಟ್ ಕೆಲಸಕ್ಕೋ ತಂದದ್ದು. ಇಲ್ಲವೇ ಬೆಂಗಳೂರಿನ ಕಂಪನಿಗಳು ಬಳಸಿ ಬಿಟ್ಟ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್ ಪೈಕಿ ಒಂದನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಂಡದ್ದು. ಅದರಲ್ಲಿ ಆಟ ಓಡುವುದಿಲ್ಲ ಎಂದು ಮಗು ಹೇಳಿದರೆ ಅದು ನೆಪವಲ್ಲ, ನಿಜವಾದ ದೂರು. ಆದರೆ ಇಡೀ ಕಂಪ್ಯೂಟರ್ ಕೆಲಸಕ್ಕೆ ಬಾರದಾಗಿದೆ ಎಂಬ ತೀರ್ಮಾನ ಬಹಳ ಸಲ ತಪ್ಪು. 2013ರಲ್ಲಿ ಬಂದ ಇಂಟೆಲ್ ಐ5-4570 ಪ್ರೊಸೆಸರಿನಲ್ಲಿ ನಾಲ್ಕು ಕೋರ್‌ಗಳಿವೆ. ಮಕ್ಕಳು ಆಡುವ ಹಲವು ಆಟಗಳಿಗೆ ಅದು ಇಂದಿಗೂ ಸಾಕು. ಹಿಂದೆ ಬೀಳುವುದು ಅದರ ಸುತ್ತ ಇರುವ ಸಾಮಾನು: ತಿರುಗುವ ಹಾರ್ಡ್ ಡಿಸ್ಕ್, ಒಂದೇ ಒಂದು 4 ಜಿಬಿ ರ‍್ಯಾಮ್, ಇಲ್ಲದ ಗ್ರಾಫಿಕ್ಸ್ ಕಾರ್ಡ್. ಇವನ್ನು ಸರಿಪಡಿಸಲು ಹೊಸದರ ಕಾಲು ಭಾಗದಷ್ಟು ದುಡ್ಡು ಸಾಕಾಗಬಹುದು. ಎಷ್ಟು ಹಾಕುತ್ತೀರಿ ಎನ್ನುವುದಕ್ಕಿಂತ ಯಾವುದಕ್ಕೆ ಮೊದಲು ಹಾಕುತ್ತೀರಿ ಎನ್ನುವುದು ದೊಡ್ಡದು.

ಮೊದಲು ಮಗುವನ್ನು ಕೂರಿಸಿಕೊಂಡು ಯಾವ ಆಟ ಆಡಬೇಕು ಎಂದು ಕೇಳಿ, ಹೆಸರುಗಳನ್ನು ಚೀಟಿಯಲ್ಲಿ ಬರೆಸಿ. ವ್ಯಾಲರೆಂಟ್ ತುಂಬ ಹಗುರವಾದ ಆಟ, ನಾನು ಹೇಳಿದ ಐ5ರಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲದೆಯೂ ಕಡಿಮೆ ಸೆಟ್ಟಿಂಗ್‌ನಲ್ಲಿ ಓಡುತ್ತದೆ. 2023ರಲ್ಲಿ ಬಂದ ಕೌಂಟರ್ ಸ್ಟ್ರೈಕ್ 2 ಪ್ರೊಸೆಸರಿನಿಂದ ಹೆಚ್ಚು ಕೆಲಸ ತೆಗೆಯುತ್ತದೆ. ಜಿಟಿಎ 5 ಕಂಪ್ಯೂಟರಿಗೆ ಬಂದದ್ದು 2015ರಲ್ಲಿ, ಆ ಹಳೆಯ ಆವೃತ್ತಿ ಸಾಧಾರಣ ಗ್ರಾಫಿಕ್ಸ್ ಕಾರ್ಡಿಗೂ ಒಗ್ಗುತ್ತದೆ. ಅದು ಹದಿನೆಂಟು ದಾಟಿದವರಿಗೆ ಎಂದು ವಯಸ್ಸಿನ ಗುರುತು ಹಾಕಿರುವ ಆಟ. ಆಡಲು ಬಿಡುವುದೋ ಬೇಡವೋ ಎಂಬುದು ನಿಮ್ಮ ತೀರ್ಮಾನ, ಆದರೆ ತಿಳಿದು ತೀರ್ಮಾನಿಸಿ. ಹಾಗೆಯೇ ದುಡ್ಡು ಕಟ್ಟಿ ಆಡುವ ಆಪ್‌ಗಳನ್ನೂ ಇವನ್ನೂ ಒಂದೇ ಎಂದುಕೊಳ್ಳಬೇಡಿ. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಕಾನೂನು ತಂದು ನಿಷೇಧಿಸಿತು. ನಿಮ್ಮ ಮಗು ಕೇಳುತ್ತಿರುವುದು ಅದನ್ನಲ್ಲ.

ಚೀಟಿ ಸಿದ್ಧವಾದ ಮೇಲೆ ಕ್ಯಾಬಿನೆಟ್ ಬಿಚ್ಚಿ. ನೀವೇ ಬಿಚ್ಚಿ, ಮಗುವಿನ ಕೈಗೆ ಸ್ಕ್ರೂಡ್ರೈವರ್ ಕೊಡಿ. ಪವರ್ ಕೇಬಲ್ ಪೂರ್ತಿ ತೆಗೆದು, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ ಆಮೇಲೆ ಕೈ ಹಾಕಿ. ನಮ್ಮ ಕಡೆಯ ಕಂಪ್ಯೂಟರ್‌ಗಳಲ್ಲಿ ನಾನು ಕಂಡಷ್ಟು ಧೂಳನ್ನು ಬೇರೆಲ್ಲೂ ಕಂಡಿಲ್ಲ. ಸತ್ತ ಹಲ್ಲಿ, ಇರುವೆ ಗೂಡು, ಪ್ರೊಸೆಸರಿನ ಫ್ಯಾನಿನ ಕೆಳಗೆ ಕಂಬಳಿಯಂತೆ ಕೂತ ಧೂಳು. ಗಾಳಿ ಆಡದಿದ್ದರೆ ಪ್ರೊಸೆಸರ್ ಕಾಯುತ್ತದೆ. ನೂರು ಡಿಗ್ರಿಯ ಹತ್ತಿರ ಬಂದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಆಡುತ್ತ ಹತ್ತು ನಿಮಿಷಕ್ಕೆ ಲ್ಯಾಗ್ ಶುರುವಾಗುತ್ತದೆ ಎಂದು ಮಗು ಹೇಳುವುದರ ಹಿಂದೆ ಅನೇಕ ಸಲ ಇದೇ ಇರುತ್ತದೆ. ಬ್ಲೋವರ್ ಹಿಡಿದು ಧೂಳು ತೆಗೆಸಿ (ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿದಿರಬೇಕು), ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಾಕಿ. ರ‍್ಯಾಮಿನ ಹಳದಿ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ. ಆನ್ ಮಾಡಿದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗುತ್ತಿದ್ದರೆ ಬೋರ್ಡಿನ ಮೇಲಿನ ಬಿಲ್ಲೆ ಸೆಲ್ ಬದಲಿಸಿ. ಒಂದನ್ನು ಮಾತ್ರ ಯಾರೂ ಬಿಚ್ಚಬಾರದು: ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಡಬ್ಬವಾದ ಎಸ್‌ಎಮ್‌ಪಿಎಸ್. ಪ್ಲಗ್ ತೆಗೆದ ಮೇಲೂ ಅದರ ಒಳಗೆ ವಿದ್ಯುತ್ ಉಳಿದಿರುತ್ತದೆ.

ದುಡ್ಡು ಹಾಕುವ ಸರದಿಯಲ್ಲಿ ಮೊದಲನೆಯದು ಎಸ್‌ಎಸ್‌ಡಿ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ತಿರುಗಬೇಕು, ಸೂಜಿ ಸರಿಯಬೇಕು. ವಿಂಡೋಸ್ ಏಳುವುದಕ್ಕೇ ನಿಮಿಷಗಟ್ಟಲೆ ಹಿಡಿಯುತ್ತದೆ. ಸಾಟಾ ಎಸ್‌ಎಸ್‌ಡಿ ಹಾಕಿದರೆ ಸೆಕೆಂಡಿಗೆ 500 ಎಂಬಿಯ ಆಸುಪಾಸಿನಲ್ಲಿ ಓದುತ್ತದೆ, ಆಟದ ಹೊಸ ಮ್ಯಾಪ್‌ಗಾಗಿ ಕಾಯುವುದು ತಪ್ಪುತ್ತದೆ. ಹಳೆಯ ಡಿಸ್ಕನ್ನು ಎಸೆಯಬೇಡಿ, ಮದುವೆ ಫೋಟೋಗಳಿಗೆ ಅದು ಇರಲಿ. ಎಂ.2 ಎನ್‌ವಿಎಂಇ ಎಂಬ ಪುಟ್ಟ ಪಟ್ಟಿಯನ್ನು ಯಾರಾದರೂ ಕೊಡಲು ಬಂದರೆ, ಆ ಐ5ರ ಕಾಲದ ಬೋರ್ಡುಗಳಲ್ಲಿ ಬಹುಪಾಲು ಅದರಿಂದ ಬೂಟ್ ಆಗುವುದಿಲ್ಲ ಎಂಬುದು ನೆನಪಿರಲಿ.

ರ‍್ಯಾಮ್ ಜೋಡಿಯಾಗಿರಲಿ. ಒಂದೇ 8 ಜಿಬಿ ಪಟ್ಟಿಗಿಂತ 4 ಜಿಬಿಯ ಎರಡು ಪಟ್ಟಿ ಮೇಲು, ಏಕೆಂದರೆ ಪ್ರೊಸೆಸರ್ ಎರಡು ದಾರಿಯಲ್ಲಿ ಒಟ್ಟಿಗೆ ಮಾಹಿತಿ ಎಳೆದುಕೊಳ್ಳುತ್ತದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರಿನಲ್ಲಿ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಒಟ್ಟು 16 ಜಿಬಿ ಆದರೆ ನೆಮ್ಮದಿ. ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ಹೊಸ ರ‍್ಯಾಮ್ ಬೆಲೆ ವಿಪರೀತ ಏರಿತು. ಹಳೆಯ ಕಂಪ್ಯೂಟರ್ ಉಳಿಸಿಕೊಳ್ಳಲು ಇದೂ ಒಂದು ಕಾರಣ, ಯಾಕೆಂದರೆ ಅದು ಕೇಳುವ ಡಿಡಿಆರ್3 ಪಟ್ಟಿ ಸೆಕೆಂಡ್ ಹ್ಯಾಂಡ್ ಆಗಿ ಸಿಗುತ್ತದೆ. ಒಂದು ಎಚ್ಚರಿಕೆ: ತೀರಾ ಅಗ್ಗದ ಕೆಲವು ಡಿಡಿಆರ್3 ಪಟ್ಟಿಗಳು ಎಎಂಡಿ ಬೋರ್ಡಿನಲ್ಲಿ ಮಾತ್ರ ಕೆಲಸ ಮಾಡುತ್ತವೆ. ಕೊಳ್ಳುವ ಮೊದಲೇ ಕೇಳಿ.

ಈಗ ನಾನು ಅತಿ ಹೆಚ್ಚು ಬೇಡಿಕೊಳ್ಳುವ ವಿಷಯಕ್ಕೆ ಬರುತ್ತೇನೆ. ಗ್ರಾಫಿಕ್ಸ್ ಕಾರ್ಡಿಗೆ ಎಂಟು ಸಾವಿರ ಕೊಡಲು ಒಪ್ಪುವ ನೀವು ಎಸ್‌ಎಮ್‌ಪಿಎಸ್ ಎಂದ ಕೂಡಲೇ "ಅದು ಇದೆಯಲ್ಲ, ಇರಲಿ ಬಿಡಿ" ಎನ್ನುತ್ತೀರಿ. ಇಲ್ಲವೇ ಏಳೆಂಟು ನೂರು ರೂಪಾಯಿಯದನ್ನು ಕೇಳುತ್ತೀರಿ. ಅದರ ಮೇಲೆ 450 ವ್ಯಾಟ್ ಎಂದು ಅಚ್ಚು ಹಾಕಿರುತ್ತಾರೆ, ಕೈಯಲ್ಲಿ ಎತ್ತಿದರೆ ಖಾಲಿ ಡಬ್ಬದಷ್ಟು ಹಗುರ. ಬರೆದದ್ದರ ಅರ್ಧವೂ ಅದು ನೆಟ್ಟಗೆ ಕೊಡಲಾರದು. ಗ್ರಾಫಿಕ್ಸ್ ಕಾರ್ಡ್ ಶಕ್ತಿ ಎಳೆದುಕೊಳ್ಳುವುದು 12 ವೋಲ್ಟಿನ ಲೈನಿನಿಂದ. ಆ ಲೈನಿಗೆ ಎಷ್ಟು ಆಂಪಿಯರ್ ಎಂದು ಪಕ್ಕದ ಚೀಟಿಯಲ್ಲಿ ಓದಿ, ಹನ್ನೆರಡರಿಂದ ಗುಣಿಸಿ, ಬರುವುದೇ ಅದರ ನಿಜವಾದ ತಾಕತ್ತು. ಹೆಸರಿಲ್ಲದ ಕಂಪನಿಯಾದರೆ ಆ ಚೀಟಿಯನ್ನೂ ನಂಬುವ ಹಾಗಿಲ್ಲ. ಕೆಟ್ಟ ಎಸ್‌ಎಮ್‌ಪಿಎಸ್ ಸುಟ್ಟಾಗ ಮದರ್‌ಬೋರ್ಡ್, ಕಾರ್ಡು, ಡಿಸ್ಕು ಎಲ್ಲವನ್ನೂ ಜೊತೆಗೆ ಒಯ್ದದ್ದನ್ನು ನನ್ನ ಮೇಜಿನ ಮೇಲೆ ನೋಡಿದ್ದೇನೆ. ಮಗನ ಎರಡು ವರ್ಷದ ಫೋಟೋ, ಅಪ್ಪನ ಲೆಕ್ಕದ ಫೈಲು, ಎಲ್ಲ ಹೋಗಿ ಒಬ್ಬ ತಾಯಿ ಅಂಗಡಿಯಲ್ಲೇ ಕಣ್ಣೀರು ಹಾಕಿದರು. ಆದ್ದರಿಂದ 80 ಪ್ಲಸ್ ಗುರುತಿರುವ, ಗೊತ್ತಿರುವ ಕಂಪನಿಯ, ಗ್ಯಾರಂಟಿ ಕಾಗದ ಇರುವ 450 ವ್ಯಾಟಿನದನ್ನು ಹೊಸದಾಗಿ ಕೊಳ್ಳಿ. ಸೆಕೆಂಡ್ ಹ್ಯಾಂಡ್ ಬೇಡ. ನಿಮ್ಮ ಬಜೆಟ್ ಹದಿನೈದು ಸಾವಿರವಾದರೆ ಮೂರು ಸಾವಿರದಷ್ಟನ್ನು ಇದಕ್ಕೇ ಎತ್ತಿಡಿ.

ಕಂಪನಿಗಳಿಂದ ಬಂದ ಡೆಲ್, ಎಚ್‌ಪಿಯ ಹಲವು ಮಾಡೆಲ್‌ಗಳಲ್ಲಿ ಮದರ್‌ಬೋರ್ಡಿನ ಪವರ್ ಕನೆಕ್ಟರ್ ಮಾಮೂಲಿ 24 ಪಿನ್ನಿನದಲ್ಲ. ಅಂಥವಕ್ಕೆ ಕನ್ವರ್ಟರ್ ಕೇಬಲ್ ಸಿಗುತ್ತದೆ, ಆದರೆ ಮಾಡೆಲ್ ನಂಬರ್ ಹೇಳಿಯೇ ತರಬೇಕು. ಮನೆಯ ಕರೆಂಟಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತಿದ್ದರೆ ನಿಮ್ಮ ಮನೆಯ ಅರ್ಥಿಂಗ್ ಸರಿಯಿಲ್ಲ. ಕಂಪ್ಯೂಟರಿಗಿಂತ ಮೊದಲು ಎಲೆಕ್ಟ್ರಿಷಿಯನ್ ಕರೆಸಿ. 600 ವಿಎ ಯುಪಿಎಸ್ ಕೊಡುವುದು ಸಾಮಾನ್ಯವಾಗಿ 360 ವ್ಯಾಟ್. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿ ಆಟದ ನಡುವೆ ಕರೆಂಟ್ ಹೋದರೆ ಹಳೆಯ ಬ್ಯಾಟರಿಯ ಯುಪಿಎಸ್ ತಡೆಯದೆ ಹೋಗಬಹುದು.

ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಿ ನಿಮ್ಮ ಕ್ಯಾಬಿನೆಟ್ ಎಷ್ಟು ಅಗಲ ಎಂಬುದೇ ಮೊದಲ ಪ್ರಶ್ನೆ. ಪುಸ್ತಕದಂತೆ ತೆಳ್ಳಗಿರುವ ಆಫೀಸ್ ಮಾಡೆಲ್‌ಗಳಿಗೆ ಪೂರ್ತಿ ಎತ್ತರದ ಕಾರ್ಡ್ ಹಿಡಿಸುವುದಿಲ್ಲ, ಲೋ ಪ್ರೊಫೈಲ್ ಎಂದು ಕೇಳಬೇಕು. ಟವರ್ ಆಗಿದ್ದರೆ ಆಯ್ಕೆ ಹೆಚ್ಚು. ಮದರ್‌ಬೋರ್ಡಿನ ಸ್ಲಾಟ್ ತಾನೇ 75 ವ್ಯಾಟ್ ಕೊಡಬಲ್ಲದು. ಅಷ್ಟರಲ್ಲೇ ಮುಗಿಸುವ ಕಾರ್ಡಿಗೆ ಬೇರೆ ಪವರ್ ಕೇಬಲ್ ಬೇಕಿಲ್ಲ. 2019ರ ಜಿಟಿಎಕ್ಸ್ 1650 ಅಂಥದ್ದು, 4 ಜಿಬಿ ಮೆಮೊರಿ. ಹಳೆಯ ಕಂಪ್ಯೂಟರಿಗೆ ಕಡಿಮೆ ದುಡ್ಡಿನಲ್ಲಿ ಏನು ಹಾಕಲಿ ಎಂದು ಕೇಳಿದವರಿಗೆ ನಾನು ಮೊದಲು ಹೇಳುವ ಹೆಸರು ಇದು. ಇದಕ್ಕಿಂತ ಅಗ್ಗವಾಗಿ 2016ರ ಜಿಟಿಎಕ್ಸ್ 1050 ಟಿಐ ಸಿಗುತ್ತದೆ, ಅದೂ 75 ವ್ಯಾಟಿನದೇ. ಆದರೆ ಆ ಪೀಳಿಗೆಗೆ ಹೊಸ ಆಟಗಳಿಗೆಂದು ಡ್ರೈವರ್ ಕೊಡುವುದನ್ನು ಎನ್ವಿಡಿಯಾ 2025ರ ಅಕ್ಟೋಬರಿಗೆ ನಿಲ್ಲಿಸಿದೆ, ಇನ್ನು ಭದ್ರತೆಯ ತಿದ್ದುಪಡಿಗಳಷ್ಟೇ ಬರುತ್ತವೆ. ಹೊಸ ಎಸ್‌ಎಮ್‌ಪಿಎಸ್ ಹಾಕಿಸಿದ್ದರೆ ಆರ್‌ಎಕ್ಸ್ 580 ಕೂಡ ನೋಡಬಹುದು. ಅದು 185 ವ್ಯಾಟ್ ಕುಡಿಯುತ್ತದೆ, ಕೆಲಸವೂ ಹೆಚ್ಚು ಮಾಡುತ್ತದೆ. ಅದೇ ಹೆಸರಿನಲ್ಲಿ 2048ಎಸ್‌ಪಿ ಎಂಬ ಬಾಲ ಸೇರಿಸಿ ಮಾರುವುದು ಮಾತ್ರ ಕಡಿಮೆ ಕೋರ್‌ಗಳಿರುವ ಕಾರ್ಡ್, ಅದಕ್ಕೆ 580ರ ಬೆಲೆ ಕೊಡಬೇಡಿ. ಆರ್‌ಎಕ್ಸ್ 6400 ಹೊಸದು, ತೆಳ್ಳಗಿನ ಕ್ಯಾಬಿನೆಟ್ಟಿಗೂ ಹಿಡಿಸುತ್ತದೆ. ಆದರೆ ಅದು ನಾಲ್ಕೇ ಲೇನ್‌ಗಳಲ್ಲಿ ಮಾತಾಡುವುದರಿಂದ ಹಳೆಯ ಬೋರ್ಡಿನಲ್ಲಿ ತನ್ನ ಪೂರ್ತಿ ಶಕ್ತಿ ತೋರಿಸುವುದಿಲ್ಲ. ಜಿಟಿ 1030 ಕೊಳ್ಳಲೇಬೇಕಾಗಿ ಬಂದರೆ ಜಿಡಿಡಿಆರ್5 ಮೆಮೊರಿಯದನ್ನೇ ಕೇಳಿ. ಡಿಡಿಆರ್4 ಹಾಕಿದ್ದರ ಮೆಮೊರಿ ವೇಗ ಮೂರನೇ ಒಂದು ಪಾಲಷ್ಟೇ, ಡಬ್ಬದ ಮೇಲಿನ ಹೆಸರು ಎರಡಕ್ಕೂ ಒಂದೇ.

ಸೆಕೆಂಡ್ ಹ್ಯಾಂಡ್ ಕಾರ್ಡ್ ಎಂದರೆ ಹೆದರಬೇಡಿ, ಕಣ್ಣು ಮುಚ್ಚಿ ಕೊಳ್ಳಲೂ ಬೇಡಿ. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಎಂಬ ಕ್ರಿಪ್ಟೋ ಹಣದ ಜಾಲ ತನ್ನ ವ್ಯವಸ್ಥೆ ಬದಲಿಸಿ, ಅದಕ್ಕೆ ಗ್ರಾಫಿಕ್ಸ್ ಕಾರ್ಡುಗಳು ಬೇಡವಾದ ಮೇಲೆ ಹಗಲು ರಾತ್ರಿ ದುಡಿಸಿದ ಮೈನಿಂಗ್ ಕಾರ್ಡುಗಳು ರಾಶಿ ರಾಶಿಯಾಗಿ ಮಾರುಕಟ್ಟೆಗೆ ಬಂದವು. ಅವುಗಳಲ್ಲಿ ಎಷ್ಟೋ ಚೆನ್ನಾಗಿಯೇ ನಡೆಯುತ್ತಿವೆ, ಕೆಲವು ಫ್ಯಾನ್ ಸವೆದು ಕೂಗುತ್ತವೆ. ಹಳೆಯ ಜಿಟಿಎಸ್ 450 ಕಾರ್ಡಿನ ಬಯೋಸ್ ತಿದ್ದಿ ಅದನ್ನೇ 1050 ಟಿಐ ಎಂದು ಮಾರುವ ಮೋಸವೂ ಇದೆ. ಜಿಪಿಯು-ಜೆಡ್ ಎಂಬ ಉಚಿತ ತಂತ್ರಾಂಶ ತೆರೆದರೆ ನಕಲಿ ಎಂದು ಅದೇ ಹೇಳುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವುದಾದರೆ ಅಂಗಡಿಯಲ್ಲೇ ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಹದಿನೈದು ನಿಮಿಷ ಕಾರ್ಡನ್ನು ದಣಿಸಿ ಪರೀಕ್ಷಿಸುವ ತಂತ್ರಾಂಶ ಫರ್‌ಮಾರ್ಕ್ ಓಡಿಸಿ ತೋರಿಸಲು ಕೇಳಿ. ಪರದೆಯಲ್ಲಿ ಚುಕ್ಕಿ ಗೆರೆ ಬಂದರೆ, ಬಿಸಿ ಒಂದೇ ಸಮನೆ ಏರುತ್ತಿದ್ದರೆ ಬಿಟ್ಟು ಬನ್ನಿ. ಓಡಿಸಿ ತೋರಿಸಲು ಒಪ್ಪದ ಅಂಗಡಿಯಿಂದಲೂ ಬನ್ನಿ. ಬಿಲ್ ಮತ್ತು ಬದಲಾಯಿಸಿಕೊಡುವ ಮಾತು ಬರಹದಲ್ಲಿರಲಿ.

ಆ ಗಾಜಿನ ಕ್ಯಾಬಿನೆಟ್ಟಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. "ಐ7 ಗೇಮಿಂಗ್ ಪಿಸಿ, 16 ಜಿಬಿ, ಗ್ರಾಫಿಕ್ಸ್ ಕಾರ್ಡ್ ಸಹಿತ" ಎಂದು ಕಡಿಮೆ ಬೆಲೆಗೆ ಬರುವ ಜಾಹೀರಾತುಗಳಲ್ಲಿ ಆ ಐ7 ಯಾವ ಪೀಳಿಗೆಯದು ಎಂದು ಬರೆದಿರುವುದಿಲ್ಲ. ಬಿಚ್ಚಿ ನೋಡಿದರೆ 2011ರ ಐ7-2600, ಜೊತೆಗೆ ಜಿಟಿ 730. ಒಬ್ಬ ಕೊಬ್ಬರಿ ವ್ಯಾಪಾರಿ ಮಗನಿಗಾಗಿ ಅಂಥದ್ದನ್ನು ತರಿಸಿ, ಆಟ ಓಡದೆ ನನ್ನ ಬಳಿ ತಂದರು. ಅವರ ಗೋದಾಮಿನಲ್ಲಿ ಲೆಕ್ಕ ಬರೆಯುತ್ತಿದ್ದ ಕಂಪ್ಯೂಟರೇ ಅದಕ್ಕಿಂತ ಎರಡು ಪೀಳಿಗೆ ಹೊಸದಾಗಿತ್ತು. ಬಣ್ಣದ ದೀಪಕ್ಕೆ ಫ್ರೇಮ್ ಹೆಚ್ಚಿಸುವ ಶಕ್ತಿ ಇಲ್ಲ. ದಯವಿಟ್ಟು ಪ್ರೊಸೆಸರಿನ ಪೂರ್ತಿ ನಂಬರ್ ಕೇಳದೆ ದುಡ್ಡು ಕೊಡಬೇಡಿ.

ಪ್ರೊಸೆಸರ್ ಬದಲಿಸುವುದು ಕೊನೆಯ ಸರದಿ. ಐ5-4570 ಇರುವ ಬೋರ್ಡಿನಲ್ಲಿ ಸಾಮಾನ್ಯವಾಗಿ ಐ7-4770 ಕೂರುತ್ತದೆ, ಎಂಟು ಥ್ರೆಡ್‌ಗಳಿರುವುದರಿಂದ ಭಾರದ ಆಟಗಳಲ್ಲಿ ನೆರವಾಗುತ್ತದೆ. ಆರು, ಏಳನೇ ಪೀಳಿಗೆಯ ಇಂಟೆಲ್ ಬೋರ್ಡಿಗೆ ಎಂಟು, ಒಂಬತ್ತನೇ ಪೀಳಿಗೆಯ ಪ್ರೊಸೆಸರ್ ತರಬೇಡಿ, ಗುಂಡಿ ಒಂದೇ ಥರ ಕಂಡರೂ ಓಡುವುದಿಲ್ಲ. ನಿಮ್ಮದು ಎಎಂಡಿ ರೈಜನ್‌ನ ಎಎಂ4 ಬೋರ್ಡಾದರೆ ನೀವು ಅದೃಷ್ಟವಂತರು. 2017ರ ಅನೇಕ ಬೋರ್ಡುಗಳು ಬಯೋಸ್ ಅಪ್‌ಡೇಟ್ ಆದರೆ 2022ರ ರೈಜನ್ 5 5600 ಅನ್ನೂ ಒಪ್ಪಿಕೊಳ್ಳುತ್ತವೆ. ಆ ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ ಬೋರ್ಡೇ ಸಾಯಬಹುದು, ಯುಪಿಎಸ್ ಇಲ್ಲದೆ ಕೈ ಹಾಕಬೇಡಿ.

ವಿಂಡೋಸ್ ವಿಷಯ ಹಲವರಿಗೆ ಗೊಂದಲ ತಂದಿದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮೈಕ್ರೋಸಾಫ್ಟ್ ಖಾತೆಯಿಂದ ನೋಂದಾಯಿಸಿಕೊಂಡವರಿಗೆ 2026ರ ಅಕ್ಟೋಬರ್ 13ರ ತನಕ ಭದ್ರತೆಯ ಅಪ್‌ಡೇಟ್ ಕೊಡುವುದಾಗಿ ಕಂಪನಿ ಹೇಳಿದೆ, ಸೆಟ್ಟಿಂಗ್‌ಗಳನ್ನು ಖಾತೆಗೆ ಸಿಂಕ್ ಮಾಡಿದರೆ ಅದಕ್ಕೆ ದುಡ್ಡು ಬೇಕಿಲ್ಲ. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನ ಎಂಟನೇ ಪೀಳಿಗೆಯಿಂದ ಈಚಿನ ಪ್ರೊಸೆಸರ್‌ಗಳನ್ನು. ಅಡ್ಡದಾರಿಯಲ್ಲಿ ಹಳೆಯ ಕಂಪ್ಯೂಟರಿಗೂ ಹಾಕಿಕೊಡುವವರಿದ್ದಾರೆ. ಹಾಗೆ ಹಾಕಿಸಿದರೆ ವ್ಯಾಲರೆಂಟ್ ತೆರೆಯದೆ ಹೋಗಬಹುದು, ವಿಂಡೋಸ್ 11ರಲ್ಲಿ ಅದು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಕೇಳುತ್ತದೆ. ಮಗು ಆಡುವುದು ಅದೊಂದೇ ಆಟವಾದರೆ ಇದನ್ನು ಮೊದಲೇ ಯೋಚಿಸಿ. ಅಮ್ಮನ ಬ್ಯಾಂಕ್ ಕೆಲಸ, ಅಪ್ಪನ ತೆರಿಗೆ ಕೆಲಸವನ್ನು ಅಪ್‌ಡೇಟ್ ನಿಂತ ಕಂಪ್ಯೂಟರಿನಲ್ಲಿ ಮಾಡಬೇಡಿ.

ಎಲ್ಲ ಹಳೆಯದನ್ನೂ ಉಳಿಸಿ ಎಂದು ನಾನು ಹೇಳುವುದಿಲ್ಲ. ಕೋರ್ 2 ಡ್ಯುಯೋ ಕಾಲದ್ದಕ್ಕೆ ಆಟದ ಆಸೆಯಿಂದ ಒಂದು ರೂಪಾಯಿಯೂ ಹಾಕಬೇಡಿ. ಮದರ್‌ಬೋರ್ಡಿನಲ್ಲಿ ಕೆಪಾಸಿಟರ್ ಉಬ್ಬಿದ್ದರೆ ನಿಲ್ಲಿಸಿ. ಬೇಕಾದದ್ದರ ಮೊತ್ತ ಹೊಸದರ ಅರ್ಧ ದಾಟಿದರೂ ನಿಲ್ಲಿಸಿ, ಸ್ವಲ್ಪ ಕಾಯ್ದು ಹೊಸದನ್ನೇ ತನ್ನಿ. ಬಿಟ್ಟುಬಿಡುವ ಕಂಪ್ಯೂಟರನ್ನು ಬೀದಿಯ ಗುಜರಿಯವರಿಗೆ ಕೊಡದೆ ಅಧಿಕೃತ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಮುಟ್ಟಿಸಿ. ತಂತಿ ಸುಟ್ಟು ತಾಮ್ರ ತೆಗೆಯುವ ಹೊಗೆಯನ್ನು ಕುಡಿಯುವವರೂ ಯಾರದೋ ಮಕ್ಕಳು.

ಮಗಳು ಕೇಳಿದಾಗ ಮಾತ್ರ "ನಿನಗ್ಯಾಕೆ ಗೇಮು" ಎನ್ನುವ ಮನೆಗಳನ್ನೂ ಕಂಡಿದ್ದೇನೆ. ಪಿಯುಸಿ ಓದುತ್ತಿದ್ದ ಒಬ್ಬ ಹುಡುಗಿ ತಂದೆಯ ಜೊತೆ ಬಂದು ನನ್ನ ಮೇಜಿನ ಪಕ್ಕ ನಿಂತು, ರ‍್ಯಾಮ್, ಎಸ್‌ಎಸ್‌ಡಿ, ಕಾರ್ಡು ಎಲ್ಲವನ್ನೂ ತಾನೇ ಜೋಡಿಸಿದಳು. ಅವಳ ತಂದೆ ಕೊನೆಗೆ ಕೇಳಿದ್ದು ಬೆಲೆಯನ್ನಲ್ಲ, "ಇದನ್ನೆಲ್ಲ ಎಲ್ಲಿ ಕಲಿತೆ?" ಎಂದು. ಮಕ್ಕಳು ಒಂದು ಯಂತ್ರದ ಹೊಟ್ಟೆಯೊಳಗೆ ಏನಿದೆ ಎಂದು ತಿಳಿಯುವ ಇಂಥ ಅವಕಾಶ ನಮ್ಮ ಊರುಗಳಲ್ಲಿ ಸುಲಭವಾಗಿ ಸಿಗುವುದಿಲ್ಲ.

ಆದ್ದರಿಂದ ನನ್ನ ವಿನಂತಿ ಇಷ್ಟು. ನಿಮ್ಮ ಬಜೆಟ್ಟನ್ನು ಮಗುವಿನಿಂದ ಮುಚ್ಚಿಡಬೇಡಿ. "ಇಷ್ಟಿದೆ, ಇದರಲ್ಲಿ ಏನಾಗುತ್ತದೆ ನೀನೇ ಪಟ್ಟಿ ಮಾಡು" ಎಂದು ಹೇಳಿ, ಒಂದು ವಾರ ಸಮಯ ಕೊಡಿ. ಪಟ್ಟಿಯಲ್ಲಿ ಎಸ್‌ಎಮ್‌ಪಿಎಸ್ ಇದೆಯೇ ನೋಡಿ, ಇಲ್ಲದಿದ್ದರೆ ವಾಪಸ್ ಕೊಡಿ. ಎಲ್ಲವನ್ನೂ ಒಂದೇ ದಿನ ತರಬೇಡಿ. ಧೂಳು ತೆಗೆದು, ಎಸ್‌ಎಸ್‌ಡಿ, ರ‍್ಯಾಮ್ ಹಾಕಿ ಒಂದು ತಿಂಗಳು ಆಡಲಿ, ಸಾಲದಿದ್ದರೆ ಆಗ ಕಾರ್ಡಿನ ಮಾತಾಡಿ. ಅಂಗಡಿಗೆ ಮಗುವನ್ನು ಕರೆತನ್ನಿ, ಪ್ರಶ್ನೆಗಳನ್ನು ಅವರೇ ಕೇಳಲಿ. ಉತ್ತರ ಕೊಡುವುದು ನಮ್ಮಂಥವರ ಕರ್ತವ್ಯ.

ಇಂತಿ ತಮ್ಮ ವಿಶ್ವಾಸಿ,
ಕಂಪ್ಯೂಟರ್ ರಿಪೇರಿ ಕಸುಬಿನವನು,
ತಿಪಟೂರು